ಲಕ್ಷ್ಮೀಶ ಮೇಷ್ಟ್ರ ಸಂತೋಷದ ಆಫೀಸು

ಟೈಪಿಂಗ್ ಪಾಸಾಗದ ಹುಡುಗನಿಗೆ ಅರಸೀಕೆರೆಯ ಕಡೆ ಹೆಣ್ಣು ಕೊಡುವ ಮಾತನ್ನೇ ಎತ್ತದಿದ್ದ ಕಾಲವೊಂದಿತ್ತು. ಹುಡುಗ ಇಸ್ಪೀಟು ಆಡುತ್ತಾನೋ, ಬೀಡಿ ಸೇದುತ್ತಾನೋ ಎಂದು ವಿಚಾರಿಸುವ ಮೊದಲು ಜೂನಿಯರ್ ಆಗಿದೆಯೋ ಸೀನಿಯರ್ ಆಗಿದೆಯೋ ಎಂದು ಕೇಳುತ್ತಿದ್ದರು. ಆ ಕಾಲದಲ್ಲಿ ಕೊಬ್ಬರಿ ಮಂಡಿ ಬೀದಿಯಲ್ಲಿ, ಏಕಾಂತಯ್ಯನವರ ಗೋಡೌನಿನ ಮೇಲಿನ ಮಹಡಿಯಲ್ಲಿ, ಬೋಧಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಬೆಳಗಿನಿಂದ ದೀಪ ಹಚ್ಚುವ ತನಕ ಟಪಟಪ ಬಡಿದುಕೊಳ್ಳುತ್ತಿತ್ತು. ಕೆಳಗೆ ಹೆಂಗಸರು ಒಣಕಾಯಿಯ ಚಿಪ್ಪು ಒಡೆಯುವ ಸದ್ದು, ಮೇಲೆ ಟೈಪ್‌ರೈಟರಿನ ಸದ್ದು. ಹೊಸದಾಗಿ ಬೀದಿಗೆ ಬಂದವರಿಗೆ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಅಲ್ಲಿನ ಮೇಷ್ಟ್ರೇ ಲಕ್ಷ್ಮೀಶ. ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಒಂದು ಸ್ಟಾಪ್‌ವಾಚು, ಮೇಜಿನ ಮೇಲೆ ಒಂದು ಹಿತ್ತಾಳೆ ಬೆಲ್ಲು. ಹೊಡಿ ಎಂದರೆ ಹೊಡೆಯಬೇಕು, ನಿಲ್ಲಿಸು ಎಂದರೆ ನಿಲ್ಲಿಸಬೇಕು. ಇಡೀ ತಾಲ್ಲೂಕಿನ ಗುಮಾಸ್ತರೆಲ್ಲ ಆ ಬೆಲ್ಲಿಗೆ ಹೆದರಿಕೊಂಡೇ ಮೇಲೆ ಬಂದವರು.

ಆಮೇಲೆ ಕಂಪ್ಯೂಟರ್ ಬಂತು. ಅದು ಬಂದದ್ದು ಯಾರಿಗೂ ಕಾಣಲಿಲ್ಲ, ಟೈಪಿಂಗಿಗೆ ಬರುವವರು ಕಡಿಮೆಯಾದದ್ದು ಮಾತ್ರ ಕಂಡಿತು. ಮೊದಲು ಬೆಳಗಿನ ಬ್ಯಾಚು ತಣ್ಣಗಾಯಿತು, ಆಮೇಲೆ ಸಂಜೆಯದು. ಒಂದೊಂದೇ ಮೆಷಿನ್ನು ಹಸಿರು ಬಟ್ಟೆಯ ಮುಸುಕು ಹೊದ್ದು ಮಲಗಿತು. ಕೊನೆಗೆ ಹಾರನಹಳ್ಳಿಯ ಹುಡುಗಿಯೊಬ್ಬಳು ಒಂಟಿಯಾಗಿ ಕುಳಿತು ಹೊಡೆಯುತ್ತಿದ್ದಳು, ಅವಳಿಗೂ ಮದುವೆ ಗೊತ್ತಾಯಿತು. ಮರುದಿನ ಬೆಳಿಗ್ಗೆ ಲಕ್ಷ್ಮೀಶ ಬಾಗಿಲು ತೆಗೆದು, ಬೆಲ್ ಹೊಡೆದು, ಯಾರೂ ಇಲ್ಲದ ಹಾಲಿನಲ್ಲಿ ಪೀರಿಯಡ್ ಮುಗಿಯುವ ತನಕ ನಿಂತೇ ಇದ್ದ. ಆ ಹೊತ್ತಿನ ಮೌನ ಅವನ ಕಿವಿಯೊಳಗೆ ಹೊಕ್ಕದ್ದು ಮತ್ತೆ ಹೊರಗೆ ಬರಲಿಲ್ಲ.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಅದೇ ಹಾಲಿನಲ್ಲಿ ಲಕ್ಷ್ಮೀಶನದೇ ಬೋಧಿ ಸಾಫ್ಟ್‌ವೇರ್ ಎಂಬ ಬೋರ್ಡು ಬಂತು. ಕೊಬ್ಬರಿ ಮಂಡಿಗಳ ಬಿಲ್ಲು, ಸೊಸೈಟಿಗಳ ಸದಸ್ಯರ ಲೆಕ್ಕ ಇವನ್ನೆಲ್ಲ ಕಂಪ್ಯೂಟರಿಗೆ ಕಲಿಸುವ ಕೆಲಸ. ಕೆಲಸ ಮಾಡುತ್ತಿದ್ದವರು ಮೂವರು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಿಂದ ಬಸ್ಸಿನಲ್ಲಿ ಬರುವ ಮಾಲಿನಿ, ಕಣಕಟ್ಟೆಯ ತೆಂಗಿನ ತೋಟದವರ ಮಗ ಉಮಾಶಂಕರ್, ಬೇಲೂರಿನ ದೇವಸ್ಥಾನದ ಸೇವೆಯವರ ಮನೆಯ ಹುಡುಗ ರಘುರಾಮ್. ಮೂವರೂ ಕೀಲಿಮಣೆ ಬಡಿಯಲು ಕುಳಿತರೆ ಹಾಲಿಗೆ ಮತ್ತೆ ಜೀವ ಬಂದ ಹಾಗಿರುತ್ತಿತ್ತು. ಹಳೆಯ ಸದ್ದಿನಷ್ಟು ಗಟ್ಟಿಯಲ್ಲ, ಆದರೂ ಸದ್ದು. ಲಕ್ಷ್ಮೀಶ ತನ್ನ ಮೇಜಿನಲ್ಲಿ ಕಣ್ಣು ಮುಚ್ಚಿಕೊಂಡು ಅದನ್ನೇ ಕೇಳುತ್ತಿದ್ದ. ಸಾಹೇಬರು ಯೋಚನೆ ಮಾಡುತ್ತಿದ್ದಾರೆ ಎಂದುಕೊಂಡು ಅವರು ಇನ್ನೂ ಜೋರಾಗಿ ಬಡಿಯುತ್ತಿದ್ದರು.

ಎಲ್ಲವೂ ಹೀಗೇ ಇರಬಹುದಿತ್ತು. ಆದರೆ ಸಾಫ್ಟ್‌ವೇರ್ ಕಂಪನಿ ನಡೆಸುವವರಿಗೆಲ್ಲ ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ ಒಂದು ದಿನದ ಉಪನ್ಯಾಸವಿದೆಯೆಂದು ಲಕ್ಷ್ಮೀಶನಿಗೆ ಯಾರೋ ಹೇಳಿದರು. ಇವನು ಮೊಸರನ್ನದ ಡಬ್ಬಿ ಕಟ್ಟಿಸಿಕೊಂಡು ಪ್ಯಾಸೆಂಜರ್ ರೈಲು ಹತ್ತಿದ. ಅಲ್ಲಿ ಮಾತಾಡಿದ ಮಹಾನುಭಾವರು ಕುರ್ಚಿಯಿದ್ದರೂ ಮೇಜಿನ ಮೇಲೆ ಕುಳಿತು, ಕಾಲು ಆಡಿಸಿಕೊಂಡು ಮಾತಾಡಿದರಂತೆ. ಯಾವ ಆಫೀಸಿನಲ್ಲಿ ನಗು ಕೇಳುವುದಿಲ್ಲವೋ ಆ ಆಫೀಸಿನಲ್ಲಿ ಜನ ನಿಲ್ಲುವುದಿಲ್ಲ, ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಕುರ್ಚಿಗಳೆಲ್ಲ ಖಾಲಿಯಿರುತ್ತವೆ ಎಂದರಂತೆ. ಮಿಕ್ಕವರು ಬರೆದುಕೊಂಡರು. ಲಕ್ಷ್ಮೀಶ ಬೆವರಿದ.

ಊರಿಗೆ ಬಂದವನು ಕಾಲು ತೊಳೆಯದೆ ಹೆಂಡತಿಯ ಮುಂದೆ ನಿಂತ. ಆಶಾರಾಣಿ ಪ್ರೈಮರಿ ಶಾಲೆಯ ಟೀಚರ್ರು, ಮಾತು ಕಡಿಮೆ.

"ಸೋಮವಾರದಿಂದ ಆಫೀಸಿನಲ್ಲಿ ಸಂತೋಷ ಶುರು ಮಾಡಬೇಕು," ಎಂದ.

"ಈಗ ಅವರಿಗೇನು ದುಃಖ?"

"ಗೊತ್ತಿಲ್ಲ. ಅದೇ ಭಯ."

ಆಶಾರಾಣಿ ಮಕ್ಕಳ ಕಾಪಿ ಪುಸ್ತಕ ತಿದ್ದುವುದನ್ನು ಮುಂದುವರಿಸಿದಳು.

ಲಕ್ಷ್ಮೀಶನಿಗೆ ಏನನ್ನಾದರೂ ಕಲಿಸಲು ಬರುತ್ತಿದ್ದದ್ದು ಒಂದೇ ದಾರಿ. ಪಾಠ ಒಂದು, ಪಾಠ ಎರಡು, ದಿನಾ ಅಭ್ಯಾಸ, ಬೆಲ್ ಹೊಡೆದಾಗ ಶುರು, ಬೆಲ್ ಹೊಡೆದಾಗ ನಿಲುಗಡೆ. ಸಂತೋಷವನ್ನೂ ಹಾಗೇ ಕಲಿಸಿದರಾಯಿತು ಎಂದುಕೊಂಡ. ಮೊದಮೊದಲು ತಪ್ಪುಗಳಿರುತ್ತವೆ, ಬರಬರುತ್ತಾ ವೇಗ ಬರುತ್ತದೆ.

ಪಾಠ ಒಂದು, ಇನ್ನು ಮೇಲೆ ಯಾರೂ ಸಾರ್ ಎನ್ನಬಾರದು, ಹೆಸರು ಹಿಡಿದು ಕರೆಯಬೇಕು. ಮೂವರೂ ಆಗಲಿ ಸಾರ್ ಎಂದರು. ಉಮಾಶಂಕರ್ ಅಂದಿನಿಂದ ಅವನನ್ನು ಕರೆಯುವುದನ್ನೇ ಬಿಟ್ಟುಬಿಟ್ಟ. ಏನಾದರೂ ಕೇಳಬೇಕಾದರೆ ಎದುರಿಗೆ ಬಂದು ನಿಂತು, ನೋಡುವ ತನಕ ಕೆಮ್ಮುತ್ತಿದ್ದ. ಎರಡೇ ದಿನಕ್ಕೆ ಅವನಿಗೆ ನಿಜವಾಗಿ ಗಂಟಲು ಕಟ್ಟಿತು. ಮಾಲಿನಿ ಹೆಸರು ಹೇಳಿ, ಹಿಂದೆಯೇ ಅವರೇ ಎಂದು ಸೇರಿಸಿ, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು. ರಘುರಾಮ್ ಮಾತ್ರ ವಿಧೇಯ ಹುಡುಗ. ಹೇಳಿದ್ದನ್ನು ಹೇಳಿದ ಹಾಗೆ ಮಾಡಬೇಕೆಂದು ಮನೆಯಲ್ಲಿ ಕಲಿತವನು. ತನ್ನ ಬಾಡಿಗೆ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಅಭ್ಯಾಸ ಮಾಡಿಕೊಂಡು ಬಂದ. ಅವತ್ತು ಮಧ್ಯಾಹ್ನ ಲಕ್ಷ್ಮೀಶ ಕೆಳಗೆ ಏಕಾಂತಯ್ಯನವರ ಹತ್ತಿರ ನಿಂತು ಮಾತಾಡುತ್ತಿದ್ದಾಗ ಮೇಲಿನ ಕಿಟಕಿಯಿಂದ ಇಡೀ ಬೀದಿಗೆ ಕೇಳುವ ಹಾಗೆ ಕರೆದ.

"ಲಕ್ಷ್ಮೀಶಾ, ಫೋನು ಬಂದಿದೆ, ಬಾ."

ತಕ್ಕಡಿಗೆ ಬೀಳಬೇಕಾಗಿದ್ದ ಕೊಬ್ಬರಿ ಏಕಾಂತಯ್ಯನವರ ಕೈಯಿಂದ ನೆಲಕ್ಕೆ ಬಿತ್ತು. ಚಿಪ್ಪು ಒಡೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಮೇಲೆ ನೋಡಿದರು. ಲಕ್ಷ್ಮೀಶ ಮುಖವರಳಿಸಿ, ಬಂದೆ ಎಂದು ಮೆಟ್ಟಿಲು ಹತ್ತಿದ. ಧಣಿಯನ್ನು ಆಳು ಹೆಸರು ಹಿಡಿದು ಕರೆಯುವುದು, ಧಣಿ ನಗುತ್ತಾ ಓಡುವುದು, ಇದು ಯಾವಾಗ ಆಗುತ್ತದೆಂದು ಅರವತ್ತು ದಾಟಿದ ಏಕಾಂತಯ್ಯನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಅವರು ಅವಸರದ ಮನುಷ್ಯರಲ್ಲ. ನೋಡೋಣ ಎಂದುಕೊಂಡರು.

ನೋಡುವಷ್ಟರಲ್ಲಿ ಪಾಠ ಎರಡು ಬಂತು. ಕುರ್ಚಿಯಲ್ಲಿ ಕುಳಿತರೆ ಮನಸ್ಸು ಬಿಗಿಯುತ್ತದೆಂದು ಬೆಂಗಳೂರಿನವರು ಹೇಳಿದ್ದರಂತೆ. ಲಕ್ಷ್ಮೀಶ ಮೂರು ಚಾಪೆ, ನಾಲ್ಕು ದಿಂಬು ತರಿಸಿದ. ಕುರ್ಚಿಗಳನ್ನೆಲ್ಲ ಕೆಳಗಿಳಿಸಿ, ಇಲ್ಲೇ ಒಂದು ಮೂಲೆಯಲ್ಲಿ ಇರಲಿ ಏಕಾಂತಯ್ಯನೋರೇ, ಸದ್ಯಕ್ಕೆ ಬೇಕಾಗುವುದಿಲ್ಲ ಎಂದ. ಕಂಪ್ಯೂಟರುಗಳು ಮೇಜಿನ ಮೇಲೆಯೇ ಉಳಿದಿದ್ದರಿಂದ ಮೂವರೂ ಚಾಪೆಯ ಮೇಲೆ ಕುಳಿತು, ತಲೆ ಮೇಲೆತ್ತಿ, ದೇವರ ಗೂಡು ನೋಡಿದ ಹಾಗೆ ಪರದೆ ನೋಡಿಕೊಂಡು ಕೆಲಸ ಮಾಡಿದರು. ಕೆಳಗೆ ಬೀದಿಯಲ್ಲಿ ಮಾತು ಬೇರೆಯೇ ಆಯಿತು. ಮೇಷ್ಟ್ರ ಸಾಮಾನು ಜಪ್ತಿಯಾಗಿದೆ, ಏಕಾಂತಯ್ಯನವರು ಮಾನ ಉಳಿಸಲು ತಮ್ಮ ಗೋಡೌನಿನಲ್ಲಿ ಬಚ್ಚಿಟ್ಟಿದ್ದಾರೆ.

ಇನ್ನು ಪಾಠ ಮೂರು. ಇದಕ್ಕೆ ಮೊದಲು ಆ ಬೀದಿಯ ಒಂದು ಪದ್ಧತಿಯನ್ನು ಹೇಳಬೇಕು. ವ್ಯಾಪಾರ ಇಲ್ಲದ ದಿನವೂ ಕೊಬ್ಬರಿ ಮಂಡಿಯಲ್ಲಿ ಯಾವ ಅಂಗಡಿಯವನೂ ಸುಮ್ಮನೆ ಕೂರುವುದಿಲ್ಲ. ತಕ್ಕಡಿ ಒರೆಸುತ್ತಾನೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾನೆ, ಖಾಲಿ ಚೀಲವನ್ನು ಬೀದಿಗೆ ಕಾಣುವ ಹಾಗೆ ಕೊಡವುತ್ತಾನೆ, ಇಲ್ಲದ ಆಳನ್ನು ಹೆಸರು ಹಿಡಿದು ಗದರುತ್ತಾನೆ. ಹಗಲು ಹೊತ್ತಿನಲ್ಲಿ, ನಾಲ್ಕು ಜನ ನೋಡುವ ಜಾಗದಲ್ಲಿ ಒಬ್ಬ ವ್ಯಾಪಾರಿ ಆಟಕ್ಕೆ ಕುಳಿತನೆಂದರೆ ಅರ್ಥ ಒಂದೇ, ಅವನಿಗೆ ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ.

ಲಕ್ಷ್ಮೀಶನೂ ಆ ಬೀದಿಯಲ್ಲೇ ಇಪ್ಪತ್ತು ವರ್ಷ ಕಳೆದವನು. ಆದರೆ ಮಹಡಿಯ ಮೇಲಿದ್ದವನು, ಟೈಪ್‌ರೈಟರಿನ ಗಲಾಟೆಯಲ್ಲಿ ಬೀದಿ ಅವನಿಗೆ ಕೇಳಿಸಿರಲಿಲ್ಲ. ಸಂಜೆ ನಾಲ್ಕಕ್ಕೆ ಸರಿಯಾಗಿ ಬೆಲ್ ಹೊಡೆದು ಮೂವರನ್ನೂ ತಾರಸಿಗೆ ಹತ್ತಿಸಿದ. ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಕವಡೆ ಕೊಟ್ಟು, ಆಡಿ ಎಂದ. ಆಟ ಆಡುವಾಗ ನಗಬೇಕು ಎಂದೂ ಹೇಳಿದ. ಸ್ಟಾಪ್‌ವಾಚು ಹಿಡಿದು ಪಕ್ಕದಲ್ಲಿ ನಿಂತ. ಮೂವರೂ ಕವಡೆ ಹಾಕಿದರು, ನಕ್ಕರು. ಗೋಡೆಯಾಚೆಯಿಂದ ಕೇಳಿದವರಿಗೆ ಹಲ್ಲುನೋವಿನವರು ಮೂವರು ಒಟ್ಟಿಗೆ ಸೇರಿದ್ದಾರೆ ಅನ್ನಿಸುತ್ತಿತ್ತು. ಬೆಲ್ ಹೊಡೆದ ತಕ್ಷಣ ನಗು ನಿಲ್ಲಿಸಿ ಕೆಳಗಿಳಿದರು. ನಾಳೆ ಇನ್ನೂ ಸುಧಾರಿಸುತ್ತದೆ ಎಂದ ಲಕ್ಷ್ಮೀಶ.

ಮರುದಿನವೇ ಏಕಾಂತಯ್ಯನವರು ಮೆಟ್ಟಿಲು ಹತ್ತಿ ಬಂದರು. ಬಾಗಿಲ ಹೊರಗೆ ಲಕ್ಷ್ಮೀಶನನ್ನು ಕರೆದು, ಸುತ್ತ ನೋಡಿ, ದನಿ ತಗ್ಗಿಸಿದರು.

"ಎಂದಿನಿಂದ ಹಿಂಗೆ, ಮೇಷ್ಟ್ರೇ?"

"ಈ ಸೋಮವಾರದಿಂದ."

"ಮನೇಲಿ ಗೊತ್ತಾ?"

"ಅವಳಿಗೇ ಮೊದಲು ಹೇಳಿದ್ದು. ಏನೂ ಅನ್ನಲಿಲ್ಲ."

"ಏನಂದಾಳು, ಪಾಪ. ಹುಡುಗರು?"

"ನಗ್ತಿದ್ದಾರೆ. ಇನ್ನೂ ಕಲೀಬೇಕು."

"ಇಂಥಾ ಗಟ್ಟಿ ಎದೆ ನಾನು ನೋಡ್ಲಿಲ್ಲ ಬಿಡಿ," ಎಂದು ಏಕಾಂತಯ್ಯನವರು ಕಣ್ಣೊರೆಸಿಕೊಂಡರು.

"ನಂದೇನಿದೆ ಏಕಾಂತಯ್ಯನೋರೇ, ಬೆಂಗಳೂರಲ್ಲಿ ದೊಡ್ಡ ದೊಡ್ಡ ಕಂಪನಿಗಳಲ್ಲೆಲ್ಲ ಇದೇ ಆಗ್ತಿದೆ."

"ಅಲ್ಲೂ ಹಿಂಗೇ ಆಗೋಯ್ತಾ," ಎಂದು ಅವರು ಗೋಡೆ ಹಿಡಿದುಕೊಂಡರು. ಆ ವರ್ಷ ಪೇಪರಿನಲ್ಲಿ ಕಂಪ್ಯೂಟರ್ ಕಂಪನಿಗಳು ಅಮೆರಿಕದ ಕಡೆ ಮುಳುಗುತ್ತಿರುವ ಸುದ್ದಿ ದಿನಾ ಬರುತ್ತಿತ್ತು. ಅದು ಬೆಂಗಳೂರು ದಾಟಿ, ತಿಪಟೂರು ದಾಟಿ, ತಮ್ಮ ಮಹಡಿಯ ತನಕ ಬಂದದ್ದು ಅವರಿಗೆ ಖಾತ್ರಿಯಾಯಿತು. ಇಳಿಯುವಾಗ ತಿರುಗಿ, ಜಾಗ ಬಿಡುವ ಅವಸರವೇನೂ ಇಲ್ಲ, ನಿಮ್ಮ ಮನಸ್ಸಿಗೆ ಬಂದಷ್ಟು ದಿನ ಇರಿ ಎಂದು ಹೇಳಿ ಹೋದರು. ಲಕ್ಷ್ಮೀಶ ಒಳಗೆ ಬಂದು, ಕಟ್ಟಡದ ಮಾಲೀಕರಿಗೂ ನಮ್ಮ ಪದ್ಧತಿ ಬಹಳ ಹಿಡಿಸಿದೆ, ಕಣ್ಣಲ್ಲಿ ನೀರು ಬಂತು ಎಂದು ಮೂವರಿಗೂ ತಿಳಿಸಿದ.

ಏಕಾಂತಯ್ಯನವರು ಯಾರಿಗೂ ಹೇಳಲಿಲ್ಲ, ಯಾರಿಗೂ ಹೇಳಬೇಡ ಎಂದು ಪ್ರತಿಯೊಬ್ಬರಿಗೂ ಹೇಳಿದರು. ಅದರ ಫಲವಾಗಿ ಟೈಲರ್ ಗಿಡ್ಡಯ್ಯ ಟೇಪು ಹಿಡಿದು ಮೇಲೆ ಬಂದು ಕಿಟಕಿ, ಬಾಗಿಲು, ಗೋಡೆ ಅಳೆದುಕೊಂಡ. ಅವನಿಗೆ ಬಹಳ ದಿನದಿಂದ ಆ ಮಹಡಿಯ ಮೇಲೆ ಕಣ್ಣಿತ್ತು. ಆಶಾರಾಣಿ ಕಿಟಕಿಗೆ ಪರದೆ ಹೊಲಿಯಲು ಹೇಳಿರಬೇಕೆಂದುಕೊಂಡು ಲಕ್ಷ್ಮೀಶ, ನೀಲಿ ಬಣ್ಣ ಇರಲಿ ಎಂದ. ಇವನಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡು ಗಿಡ್ಡಯ್ಯ, ನೀಲಿಯೇ ಇರಲಿ ಬಿಡಿ ಎಂದು ಸಮಾಧಾನ ಹೇಳಿದ.

ತೆಂಗು ಬೆಳೆಗಾರರ ಸೊಸೈಟಿಯೊಂದರ ಕಾರ್ಯದರ್ಶಿ ಪುಟ್ಟಸ್ವಾಮಿಗೂ ಬೋಧಿ ಮುಚ್ಚಿದ ಸುದ್ದಿ ಮುಟ್ಟಿತು. ಸದಸ್ಯರ ಲೆಕ್ಕವನ್ನೆಲ್ಲ ಬೋಧಿಗೆ ಒಪ್ಪಿಸಿದ್ದವನು ಅವನೇ. ಕಾಗದ ಪತ್ರ ವಾಪಸು ತರಬೇಕೆಂದು ಸರಿಯಾಗಿ ನಾಲ್ಕು ಗಂಟೆಗೆ ಹೊರಟು ಬಂದ. ಆಫೀಸಿನವರು ಅವನ ಚಪ್ಪಲಿ ಬಿಡಿಸಿ, ತಾರಸಿಗೆ ಹತ್ತಿಸಿ, ಕೈಗೆ ಕವಡೆ ಕೊಟ್ಟರು. ಪುಟ್ಟಸ್ವಾಮಿ ಚಿಕ್ಕಂದಿನಲ್ಲಿ ಬಿಕ್ಕೋಡಿನ ಅಜ್ಜಿಯ ಮನೆಯಲ್ಲಿ ಚೌಕಾಬಾರ ಆಡಿ ಬೆಳೆದವನು. ಬಂದ ಕೆಲಸ ಮರೆತು ಮೂವರನ್ನೂ ಸೋಲಿಸಿ, ಮೀಸೆ ತೀಡಿಕೊಂಡು ವಾಪಸಾದ. ಕಾಗದ ತರಲಿಲ್ಲವೇ ಎಂದು ಸೊಸೈಟಿಯಲ್ಲಿ ಕೇಳಿದಾಗ, ಅಲ್ಲಿ ಕೆಲಸ ನಿಂತಿರುವುದು ನಿಜ, ಇನ್ನೊಂದೆರಡು ಸಲ ಹೋಗಿ ವಿಚಾರಿಸಬೇಕಾಗುತ್ತದೆ ಎಂದ. ಅಲ್ಲಿಂದಾಚೆ ದಿನಾ ನಾಲ್ಕು ಗಂಟೆಗೆ ವಿಚಾರಿಸಲು ಬರತೊಡಗಿದ.

ಅಷ್ಟರಲ್ಲಿ ಮಾತು ಹಳೇಬೀಡಿನ ಬಸ್ಸು ಹತ್ತಿತ್ತು. ಮಾಲಿನಿಯ ತಾಯಿ ಚಲುವಮ್ಮನಿಗೆ ಕಂಡಕ್ಟರು ಚಿಲ್ಲರೆಯ ಜೊತೆಗೆ ಈ ಸುದ್ದಿಯನ್ನೂ ಕೊಟ್ಟ. ಚಲುವಮ್ಮ ಗಂಡ ಹೋದ ಮೇಲೆ ಒಬ್ಬಳೇ ನಿಂತು ಮಗಳನ್ನು ಓದಿಸಿದವಳು. ಕಂಡವರ ಮಾತು ನಂಬುವವಳಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಮಗಳನ್ನೇ ಕೇಳಿದಳು, ಇವತ್ತು ಏನು ಮಾಡಿದೆ ಎಂದು. ಮಾಲಿನಿಗೆ ಸುಳ್ಳು ಬಾರದು. ಚೌಕಾಬಾರ ಆಡಿದೆವು ಎಂದಳು. ನಿನ್ನೆ ಏನು ಎಂದು ತಾಯಿ ಕೇಳಿದಳು. ನಿನ್ನೆಯೂ ಅದೇ ಎಂದಳು. ಚಲುವಮ್ಮ ಇನ್ನೊಂದು ಮುದ್ದೆ ಬಡಿಸಿ, ಬೆಳಿಗ್ಗೆ ಮಗಳು ಹೋದ ಮೇಲಿನ ಬಸ್ಸು ಎಷ್ಟು ಹೊತ್ತಿಗೆಂದು ಪಕ್ಕದ ಮನೆಯಲ್ಲಿ ವಿಚಾರಿಸಿಕೊಂಡು ಬಂದಳು.

ಬೇಲೂರಿನಲ್ಲಿ ರಘುರಾಮನ ತಂದೆ ಅನಂತಸ್ವಾಮಿಗಳಿಗೆ ಮಗನೇ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ಸಂತೋಷದಲ್ಲಿದ್ದೇವೆ ಅಪ್ಪಾ, ಈಗ ಎಲ್ಲರೂ ಚಾಪೆಯ ಮೇಲೆ ಕೂರುತ್ತೇವೆ, ಕುರ್ಚಿಗಳೆಲ್ಲ ಹೋದವು ಎಂದ. ತಾಯಿ ಶ್ರೀರಂಗಮ್ಮ ಅಳಲು ಶುರು ಮಾಡಿದರು. ಅನಂತಸ್ವಾಮಿಗಳು ದೇವಸ್ಥಾನದಲ್ಲಿ ಒಂದು ದಿನದ ಮಟ್ಟಿಗೆ ತಮ್ಮ ಸೇವೆಯನ್ನು ತಮ್ಮನಿಗೆ ಒಪ್ಪಿಸಿ, ಒಂದು ಪಾತ್ರೆ ಪುಳಿಯೋಗರೆ ಕಟ್ಟಿಕೊಂಡು ಹೊರಟರು. ಕಣಕಟ್ಟೆಯ ಕೆಂಚಯ್ಯ, ಅಂದರೆ ಉಮಾಶಂಕರನ ತಂದೆ, ಕಾಯಿ ಕೀಳಿಸುವ ದಿನವಾದ್ದರಿಂದ ಬರಲಾಗಲಿಲ್ಲ. ಬೇಲೂರಿನ ಅಯ್ಯನೋರು ಏನು ಮಾಡ್ತಾರೋ ನಾನೂ ಅದನ್ನೇ ಮಾಡ್ತೀನಿ, ಅವರು ಮಗನ್ನ ಕರಕೊಂಡು ಹೋದರೆ ನಮ್ಮೋನ್ನೂ ಕಳಿಸಿ ಎಂದು ಮಂಡಿಗೆ ಬರುವ ಲಾರಿಯಲ್ಲಿ ಹೇಳಿ ಕಳಿಸಿದ.

ಅದು ಶನಿವಾರ. ದುರದೃಷ್ಟಕ್ಕೆ ಅವತ್ತೇ ಪಾಠ ನಾಲ್ಕು. ಯಾವ ಬಟ್ಟೆಯಲ್ಲಿ ನಿಮಗೆ ಖುಷಿಯೋ ಆ ಬಟ್ಟೆಯಲ್ಲಿ ಬನ್ನಿ ಎಂದು ಲಕ್ಷ್ಮೀಶ ಹೇಳಿದ್ದ. ಉಮಾಶಂಕರ್ ಪಟಾಪಟಿ ಚಡ್ಡಿ, ಬನೀನು, ತಲೆಗೊಂದು ವಲ್ಲಿ ಸುತ್ತಿಕೊಂಡು ತೋಟದ ವೇಷದಲ್ಲಿ ಬಂದ. ರಘುರಾಮ್ ಪಂಚೆ, ಉತ್ತರೀಯ, ಹಣೆ ತುಂಬ ನಾಮ. ಮಾಲಿನಿಗೆ ಜೀವನದಲ್ಲಿ ಬಹಳ ಖುಷಿಯಾಗಿದ್ದದ್ದು ಕಾಲೇಜಿನ ಎನ್‌ಸಿಸಿಯಲ್ಲಂತೆ, ಖಾಕಿ ಸಮವಸ್ತ್ರ ಇಸ್ತ್ರಿ ಮಾಡಿಸಿ, ಬೂಟು ಹಾಕಿ, ಮೆಟ್ಟಿಲು ಅದುರಿಸಿಕೊಂಡು ಹತ್ತಿದಳು. ಬೀದಿಯವರು ಸಾಲಾಗಿ ನಿಂತು ನೋಡಿದರು. ಒಬ್ಬ ತೋಟಕ್ಕೆ ಹೊರಟ, ಒಬ್ಬ ದೇವಸ್ಥಾನಕ್ಕೆ, ಆ ಹೆಣ್ಣುಮಗು ಪೊಲೀಸಿಗೆ ಸೇರಿತು, ಹೇಗೋ ಎಲ್ಲರಿಗೂ ಒಂದು ದಾರಿಯಾಯಿತಲ್ಲ ಎಂದು ಚಿಪ್ಪು ಒಡೆಯುವ ಹೆಂಗಸರು ನಿಟ್ಟುಸಿರು ಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಚಲುವಮ್ಮ ಬುತ್ತಿ ಗಂಟಿನ ಸಮೇತ, ಅನಂತಸ್ವಾಮಿಗಳು ಪಾತ್ರೆಯ ಸಮೇತ ಮೇಲೆ ಬಂದರು. ಹಿಂದೆಯೇ ಏಕಾಂತಯ್ಯನವರು. ಅವರ ಹಿಂದೆ, ನಾಲ್ಕು ಗಂಟೆಯಾಗದಿದ್ದರೂ, ಪುಟ್ಟಸ್ವಾಮಿ. ಲಕ್ಷ್ಮೀಶನಿಗೆ ರೋಮಾಂಚನವಾಯಿತು. ಮನೆಯವರನ್ನೂ ಆಫೀಸಿಗೆ ಕರೆಸಬೇಕೆಂದು ಬೆಂಗಳೂರಿನಲ್ಲಿ ಹೇಳಿದ್ದರು, ಕರೆಯದೆಯೇ ಬಂದಿದ್ದಾರೆ. ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ ಒಂದು ಭಾಷಣ ಮಾಡಿದ. ನಿಮ್ಮ ಮಕ್ಕಳು ಬಹಳ ಬೇಗ ಕಲಿತರು, ನಿಮಗೆ ಚಿಂತೆ ಬೇಡ ಎಂದ. ಚಲುವಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಅನಂತಸ್ವಾಮಿಗಳು ಎದ್ದು ಬಂದು, ತುಳಸಿಯ ಎಸಳೊಂದನ್ನು ಲಕ್ಷ್ಮೀಶನ ಅಂಗೈಗೆ ಮೇಲಿನಿಂದ ಬಿಟ್ಟರು.

"ದೇವರಿದ್ದಾನೆ ಮೇಷ್ಟ್ರೇ. ಮನುಷ್ಯ ಕೂತಲ್ಲೇ ಕೂರಬಾರದು. ಬೇರೆ ಏನಾದರೂ ಶುರು ಮಾಡಿ," ಎಂದರು.

"ಬೇರೆ ಯಾಕೆ ಸ್ವಾಮೀ? ಇದೇ ಚೆನ್ನಾಗಿ ನಡೀತಿದೆಯಲ್ಲ."

ಏಕಾಂತಯ್ಯನವರು ನಿಧಾನವಾಗಿ ಮುಂದೆ ಬಾಗಿದರು.

"ನಡೀತಾ ಐತಾ?"

"ನಡೀತಿದೆ."

"ಮತ್ತೆ ಆ ಕುರ್ಚಿ?"

ಮಾಲಿನಿಗೆ ಅರ್ಥವಾಗಿಬಿಟ್ಟಿತು. ಖಾಕಿ ಬಟ್ಟೆಯಲ್ಲಿ ನೆಟ್ಟಗೆ ಎದ್ದು ನಿಂತಳು. "ಅವ್ವಾ, ಕಂಪನಿ ಮುಚ್ಚಿಲ್ಲ ಕಣವ್ವ. ಸೊಸೈಟಿ ಕೆಲಸ ಮುಕ್ಕಾಲು ಮುಗಿದೈತೆ."

"ಅಂಗಾರೆ ಆ ಚೌಕಾಬಾರ?"

"ಅದು ಸಂತೋಷಕ್ಕೆ."

"ಯಾರ ಸಂತೋಷಕ್ಕೆ?" ಎಂದಳು ಚಲುವಮ್ಮ.

ಮೂವರೂ ಲಕ್ಷ್ಮೀಶನನ್ನು ನೋಡಿದರು. ಲಕ್ಷ್ಮೀಶ ಮೂವರನ್ನೂ ನೋಡಿದ. ನಿಮಗೆ ಸಂತೋಷ ಇಲ್ಲವಾ ಎಂದು ಒಬ್ಬೊಬ್ಬರನ್ನೇ ಕೇಳಿದ. ಬಹಳ ಇದೆ ಸಾರ್ ಎಂದರು ಮೂವರೂ, ಆ ಸಾರ್ ಎಂಬುದು ಬಾಯಿಂದ ಜಾರಿ ಬಿತ್ತು, ವಾರದಿಂದ ಅದುಮಿಟ್ಟಿದ್ದಾದ್ದರಿಂದ ಜೋರಾಗಿಯೇ ಬಿತ್ತು. ಲಕ್ಷ್ಮೀಶನಿಗೆ ಎಲ್ಲವೂ ಒಂದೇ ಸಲಕ್ಕೆ ಕಂಡಿತು. ಚಾಪೆಯ ಮೇಲೆ ಕುಳಿತುಬಿಟ್ಟ.

"ನೀವೂ ಹೋಗಿಬಿಟ್ಟರೆ ಅಂತ ಹಿಂಗೆಲ್ಲ ಮಾಡಿದೆ," ಎಂದ. "ಈ ಹಾಲು ಒಂದು ಸಲ ಖಾಲಿಯಾಗಿದ್ದನ್ನ ನೋಡಿದ್ದೀನಿ. ಎರಡನೇ ಸಲ ನೋಡೋ ಶಕ್ತಿ ಇಲ್ಲ."

ಪುಟ್ಟಸ್ವಾಮಿ ಕಿಟಕಿಯ ಕಡೆ ತಿರುಗಿ ಮೀಸೆ ತೀಡಿಕೊಂಡ. ಅನಂತಸ್ವಾಮಿಗಳು ಮಾತ್ರ ಪಟ್ಟು ಬಿಡಲಿಲ್ಲ. ಕಂಪನಿ ಮುಚ್ಚದಿದ್ದರೆ ಬಹಳ ಒಳ್ಳೆಯದು, ಆದರೆ ಆಟ ಆಡುವುದನ್ನು ಆಫೀಸೆಂದು ಬೇಲೂರಿನಲ್ಲಿ ಯಾರಿಗೂ ಹೇಳಲು ಬರುವುದಿಲ್ಲ, ದೇವಸ್ಥಾನದಲ್ಲೂ ಕೈ ಸಾಲದು, ಹುಡುಗನನ್ನು ಸಂಜೆಯ ಬಸ್ಸಿಗೆ ಕರೆದುಕೊಂಡು ಹೋಗುತ್ತೇನೆ ಎಂದರು. ಅವರ ಹುಡುಗ ಇದ್ದರೆ ನನ್ನ ಮಗಳೂ ಇರಲಿ, ಹೋದರೆ ಇವಳೂ ಬರಲಿ ಎಂದಳು ಚಲುವಮ್ಮ. ಕೆಂಚಯ್ಯ ಲಾರಿಯಲ್ಲಿ ಹೇಳಿ ಕಳಿಸಿದ್ದೂ ಅದೇ. ಹೀಗೆ ಬೋಧಿ ಸಾಫ್ಟ್‌ವೇರ್ ಎಂಬುದು ಪೂರ್ತಿಯಾಗಿ ಅನಂತಸ್ವಾಮಿಗಳ ಒಂದು ಮಾತಿನ ಮೇಲೆ ಬಂದು ನಿಂತಿತು. ರಘುರಾಮ್ ನೆಲ ನೋಡುತ್ತಾ ನಿಂತಿದ್ದ. ಅಪ್ಪನ ಎದುರು ನಾನು ಬರುವುದಿಲ್ಲ ಎನ್ನುವ ಹುಡುಗ ಅವನಲ್ಲ, ಬರುತ್ತೇನೆ ಎನ್ನಲೂ ಇಲ್ಲ.

ಆಗ ಏಕಾಂತಯ್ಯನವರು ಹೆಗಲ ಮೇಲಿನ ಟವೆಲು ತೆಗೆದರು. ಕೊಬ್ಬರಿಗೆ ಬರುವ ಮೊದಲು ಅವರು ಎತ್ತಿನ ವ್ಯಾಪಾರದಲ್ಲಿ ದಳ್ಳಾಳಿಯಾಗಿದ್ದವರು. ಆ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಟವೆಲಿನ ಮರೆಯಲ್ಲಿ ಕೈ ಹಿಡಿದು ಬೆರಳು ಒತ್ತಿಕೊಳ್ಳುತ್ತಾರೆ, ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ.

"ಇಂಥಾ ಮಾತು ನಾಕು ಜನದ ಮುಂದೆ ಬಾಯಲ್ಲಿ ಆಡಬಾರದು," ಎಂದರು. "ಆಡಿದ್ರೆ ಒಬ್ಬರ ಮಾನ ಹೋಯ್ತದೆ. ಒಂದು ಬೆರಳಿಗೆ ಒಂದು ವರ್ಷ. ಹುಡುಗನ್ನ ಇನ್ನೆಷ್ಟು ವರ್ಷ ಬಿಡ್ತೀರಿ ಅಂತ ಸ್ವಾಮಿಗಳು ಒತ್ತಲಿ. ಬಿಡಲ್ಲ ಅಂದ್ರೆ ಮುಷ್ಟಿ ಕಟ್ಟಲಿ."

ಲಕ್ಷ್ಮೀಶ ಕೈ ಚಾಚಿದ. ಏಕಾಂತಯ್ಯನವರು ಅದರ ಮೇಲೆ ಟವೆಲು ಹೊದಿಸಿದರು. ಅನಂತಸ್ವಾಮಿಗಳು ಆ ಟವೆಲನ್ನು ನೋಡಿದರು. ಊರು ಬಿಟ್ಟು ಹೊರಟರೆ ಹೊರಗಿನ ನೀರು ಮುಟ್ಟದೆ, ತಮ್ಮ ತಂಬಿಗೆ ತಾವೇ ಹೊತ್ತು ಬರುವ ಮನುಷ್ಯರು. ಉತ್ತರೀಯ ಸರಿಮಾಡಿಕೊಂಡರು, ಒಮ್ಮೆ ಮಗನ ಕಡೆ ನೋಡಿದರು. ಆಮೇಲೆ ಕೈಯನ್ನು ಟವೆಲಿನೊಳಗೆ ಇಟ್ಟು ಲಕ್ಷ್ಮೀಶನ ಕೈ ಹಿಡಿದರು.

ಎಲ್ಲರೂ ಟವೆಲನ್ನೇ ನೋಡುತ್ತಿದ್ದರು. ಟವೆಲು ಒಂದು ಕ್ಷಣ ಸುಮ್ಮನಿದ್ದದ್ದು ಅಲುಗಾಡತೊಡಗಿತು. ಅನಂತಸ್ವಾಮಿಗಳಿಗೆ ಬೆರಳಲ್ಲಿ ಎಣಿಸಲು ಬರುತ್ತಿದ್ದದ್ದು ಜಪದ ಎಣಿಕೆಯೊಂದೇ. ಹೆಬ್ಬೆರಳಿನಿಂದ ಒಂದೊಂದು ಗೆಣ್ಣನ್ನೂ ಮುಟ್ಟಿ, ಉಂಗುರ ಬೆರಳಿನ ನಡುವಿನಿಂದ ಶುರುವಾಗಿ ಸುತ್ತು ಬರತೊಡಗಿದರು. ಲಕ್ಷ್ಮೀಶನ ಬೆರಳುಗಳಿಗೆ ಇಪ್ಪತ್ತು ವರ್ಷದಿಂದ ಗೊತ್ತಿದ್ದದ್ದು ಬೇರೆ. ಉಂಗುರ ಬೆರಳು ಮುಟ್ಟಿದರೆ ಅದು ತನಗೆ ಗೊತ್ತಿರುವ ಅಕ್ಷರವನ್ನು ಹೊಡೆಯುತ್ತಿತ್ತು, ನಡುಬೆರಳು ಮುಟ್ಟಿದರೆ ತನ್ನದನ್ನು. ಇವರು ಮುಟ್ಟಿದ ಹಾಗೆಲ್ಲ ಅವನ ಬೆರಳು ಅವರ ಅಂಗೈಯಲ್ಲಿ ಟಪಟಪ ಬಡಿಯುತ್ತಿತ್ತು. ಬಡಿದದ್ದಕ್ಕೆ ಎಣಿಕೆ ತಪ್ಪಿ ಅವರು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

"ಎಷ್ಟಾಯ್ತು?" ಎಂದರು ಏಕಾಂತಯ್ಯನವರು.

"ಗೊತ್ತಾಗ್ತಿಲ್ಲ," ಎಂದ ಲಕ್ಷ್ಮೀಶ. ಅವನ ಮುಖ ಕೆಂಪಾಗಿತ್ತು. "ಕಚಗುಳಿ ಆಗ್ತಿದೆ."

ಮೊದಲು ನಕ್ಕವರು ಅನಂತಸ್ವಾಮಿಗಳೇ. ನಗಬಾರದೆಂದು ತುಟಿ ಕಚ್ಚಿಕೊಂಡರು, ಹೊಟ್ಟೆ ಕೇಳಲಿಲ್ಲ. ಅಪ್ಪ ನಗುವುದನ್ನು ಹುಟ್ಟಿದ ಮೇಲೆ ನೋಡಿರದ ರಘುರಾಮ್ ಬಾಯಿ ಬಿಟ್ಟುಕೊಂಡು ನೋಡಿದ, ಆಮೇಲೆ ಅವನೂ ಶುರು ಮಾಡಿದ. ಉಮಾಶಂಕರ್ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡ. ಮಾಲಿನಿ ಖಾಕಿಯಲ್ಲಿ ಚಾಪೆಯ ಮೇಲೆ ಉರುಳಿದಳು. ಚಲುವಮ್ಮ, ಅಯ್ಯೋ ನನ್ನ ಪಕ್ಕೆ ಎಂದು ಗೋಡೆಗೆ ಒರಗಿದಳು. ಕೆಳಗೆ ಚಿಪ್ಪು ಒಡೆಯುವ ಸದ್ದು ನಿಂತುಹೋಯಿತು. ಯಾಕೆ ನಗುತ್ತಿದ್ದಾರೆಂದು ತಿಳಿಯದಿದ್ದರೂ ಆ ಹೆಂಗಸರೂ ನಗತೊಡಗಿದರು. ಎಷ್ಟು ಹೊತ್ತು ನಕ್ಕರೆಂದು ನೋಡಲು ಲಕ್ಷ್ಮೀಶ ಜೇಬಿಗೆ ಕೈ ಹಾಕಲಿಲ್ಲ. ಆ ಕೈ ಟವೆಲಿನೊಳಗಿತ್ತು.

ಎಲ್ಲರೂ ಕಣ್ಣೊರೆಸಿಕೊಂಡ ಮೇಲೆ ಏಕಾಂತಯ್ಯನವರು ದಳ್ಳಾಳಿಯ ಗತ್ತಿನಲ್ಲಿ ತೀರ್ಪು ಹೇಳಿದರು. ವ್ಯಾಪಾರ ಕುದುರಿಲ್ಲ, ಹಾಗೆಂದು ಮುರಿದೂ ಇಲ್ಲ, ಮುಷ್ಟಿ ಕಟ್ಟಿದ್ದನ್ನು ಯಾರೂ ಕಂಡಿಲ್ಲ. ಇಂಥ ಸ್ಥಿತಿಯಲ್ಲಿ ಎತ್ತು ನಿಂತ ಜಾಗ ಬಿಟ್ಟು ಕದಲುವ ಹಾಗಿಲ್ಲ, ಸಂತೆಯ ಕಾನೂನೇ ಹಾಗೆ. ಮುಂದಿನ ಶನಿವಾರ ಮತ್ತೆ ಕೈ ಹಾಕಬೇಕು. ಅನಂತಸ್ವಾಮಿಗಳು ವೇದ ಬಲ್ಲವರು, ಸಂತೆಯ ಕಾನೂನು ಬಲ್ಲವರಲ್ಲ. ತಿಳಿದವರು ಹೇಳುವಾಗ ಒಪ್ಪಬೇಕಾಗುತ್ತದೆ ಎಂದರು. ಪುಳಿಯೋಗರೆಯನ್ನೂ ಚಲುವಮ್ಮನ ರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನೂ ಬಿಚ್ಚಿದರು. ಸಂಜೆಯ ಬಸ್ಸಿಗೆ ಅವರು ಒಬ್ಬರೇ ಹೋದರು.

ಮುಂದಿನ ಶನಿವಾರ ಬಂದರು. ಅದರ ಮುಂದಿನ ಶನಿವಾರವೂ ಬಂದರು. ಬರುವಾಗ ಒಂದು ಪಾತ್ರೆ, ಟವೆಲಿನೊಳಗೆ ಕೈ, ಎಣಿಕೆ ತಪ್ಪುವುದು, ನಗುವುದು, ಊಟ, ಬಸ್ಸು. ಬೋಧಿಯಲ್ಲಿ ಸಂತೋಷದ ಪಾಠ ಹೇಳುವುದು ಯಾವಾಗ ನಿಂತಿತೆಂದು ಯಾರೂ ಗಮನಿಸಲಿಲ್ಲ. ಮಾಲಿನಿ ಅಲ್ಲಿದ್ದುಕೊಂಡೇ ಮದುವೆಯಾದಳು, ಉಮಾಶಂಕರ್ ಅಲ್ಲಿದ್ದುಕೊಂಡೇ ತೋಟಕ್ಕೆ ಬೋರು ಹಾಕಿಸಿದ, ರಘುರಾಮನ ತಲೆಯಲ್ಲಿ ನರೆ ಕಂಡಿತು. ಏಕಾಂತಯ್ಯನವರು ತೀರಿಕೊಂಡ ಮೇಲೆ ಟವೆಲು ಹಿಡಿಯುವ ಕೆಲಸಕ್ಕೆ ಪುಟ್ಟಸ್ವಾಮಿ ತಾನಾಗಿ ನಿಂತ.

ಕೊನೆಕೊನೆಗೆ ಅನಂತಸ್ವಾಮಿಗಳಿಗೆ ಮಹಡಿ ಹತ್ತಲು ಆಗುತ್ತಿರಲಿಲ್ಲ, ಮಗ ಕೈ ಹಿಡಿದು ಹತ್ತಿಸುತ್ತಿದ್ದ. ಒಂದು ಶನಿವಾರ ಅವರ ಕೈ ಟವೆಲಿನೊಳಗೆ ಹೋದದ್ದು ಅಲುಗಾಡಲೇ ಇಲ್ಲ. ಗೆಣ್ಣು ಎಣಿಸಲಿಲ್ಲ, ಬೆರಳು ಒತ್ತಲಿಲ್ಲ, ಲಕ್ಷ್ಮೀಶನ ಕೈಯನ್ನು ಸುಮ್ಮನೆ ಹಿಡಿದುಕೊಂಡು, ಮಗನ ಕಡೆ ನೋಡುತ್ತಾ ಕುಳಿತಿದ್ದರು. ಹುಡುಗರು ಕೀಲಿಮಣೆ ಬಡಿಯುವ ಸದ್ದು ಕೇಳುತ್ತಿತ್ತು.

ಬಹಳ ಹೊತ್ತಾದ ಮೇಲೆ ಪುಟ್ಟಸ್ವಾಮಿ ಮೆಲ್ಲಗೆ ಕೇಳಿದ, ವ್ಯಾಪಾರ ಕುದುರಿತಾ ಎಂದು.

"ಇನ್ನೂ ಇಲ್ಲ," ಎಂದ ಲಕ್ಷ್ಮೀಶ, ಕೈ ಬಿಡದೆ.